ಮಾತ್ರೆ ಏರಿದಷ್ಟೂ ಬಟ್ಟೆ ಒದ್ದೆ: ಬೆನ್ನುಹುರಿ ಪೆಟ್ಟಿನ ನಂತರದ ಮೂತ್ರಕೋಶ, ಮಧುಗಿರಿ ಕಡೆಯ ಒಂದು ಪ್ರಕರಣ

ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. 34 ವರ್ಷದ ರೈತ. ಫೆಬ್ರವರಿಯಲ್ಲಿ ಹುಣಸೆಹಣ್ಣು ಬಡಿಯಲು ಮರ ಹತ್ತಿದವರು ಕೊಂಬೆ ಮುರಿದು ಕೆಳಗೆ ಬಿದ್ದರು. ಎದೆಯ ಭಾಗದ ಐದನೇ ಬೆನ್ನುಮೂಳೆ, ಅಂದರೆ ಡಿ5, ಜಜ್ಜಿಹೋಗಿತ್ತು. ಬೆಂಗಳೂರಿನಲ್ಲಿ ಸ್ಕ್ರೂ, ರಾಡು ಹಾಕಿ ಮೂಳೆ ನಿಲ್ಲಿಸಿದರು. ಎದೆಯಿಂದ ಕೆಳಗೆ ಸ್ಪರ್ಶ ತಿಳಿಯುವುದಿಲ್ಲ, ಕಾಲು ಆಡುವುದಿಲ್ಲ, ಎರಡು ಕೈಗೂ ಪೂರ್ತಿ ಬಲವಿದೆ. ಗುರುತು ಸಿಗದಿರಲೆಂದು ಇದೇ ತೊಂದರೆಯ ಹಲವರ ವಿವರಗಳನ್ನು ಒಬ್ಬರದಾಗಿ ಸೇರಿಸಿ ಬರೆದಿದ್ದೇವೆ. ತುಮಕೂರು ಸೀಮೆಯಲ್ಲಿ ಹುಣಸೆ, ತೆಂಗು, ಅಡಿಕೆ ಮರದಿಂದ ಬಿದ್ದವರ ಮನೆಗಳಿಗೆ ಇದು ಹೊಸದೇನಲ್ಲ.

ಬಿದ್ದು ಒಂಬತ್ತು ತಿಂಗಳಾದ ಮೇಲೆ, ನವೆಂಬರಿನಲ್ಲಿ, ಅವರು ಹೇಳಿಕೊಂಡ ದೂರು ಇಷ್ಟು: "ಬೇಸಿಗೆಯಲ್ಲಿ ಚೆನ್ನಾಗಿತ್ತು, ಬಟ್ಟೆ ಒಣಗಿರುತ್ತಿತ್ತು. ಈಗ ಮೂರು ವಾರದಿಂದ ಪೈಪು ಹಾಕುವ ಮೊದಲೇ ಸೋರುತ್ತದೆ. ಮಾತ್ರೆ ಜಾಸ್ತಿ ಮಾಡಿದರು, ಸೋರುವುದೂ ಜಾಸ್ತಿಯಾಯಿತು. ಸಂಜೆಯಾದರೆ ತಲೆ ಸಿಡಿಯುತ್ತದೆ." ಪೈಪು ಎಂದರೆ ಮೂತ್ರಕೋಶಕ್ಕೆ ಹಾಕಿ ಮೂತ್ರ ತೆಗೆಯುವ ಕ್ಯಾತಿಟರ್, ಮಾತ್ರೆ ಎಂದರೆ ಮೂತ್ರಕೋಶ ಸಡಿಲಿಸುವ ಮದ್ದು.

ಮಾತ್ರೆ ಜಾಸ್ತಿಯಾದಂತೆ ಸೋರುವುದೂ ಜಾಸ್ತಿ ಎಂಬ ಮಾತನ್ನು ಅವರು ಸೋತ ದನಿಯಲ್ಲಿ ಹೇಳಿದ್ದರು. ಇಡೀ ಪ್ರಕರಣದ ಬೀಗದ ಕೈ ಅದರಲ್ಲೇ ಇತ್ತು.

ಮೂತ್ರಕೋಶ ಏಕೆ ಹೀಗಾಡುತ್ತದೆ

ಮೂತ್ರಕೋಶಕ್ಕೆ ಎರಡು ಕೆಲಸ: ಒತ್ತಡ ಏರದಂತೆ ತುಂಬಿಕೊಳ್ಳುವುದು, ಹೊತ್ತಾದಾಗ ಪೂರ್ತಿ ಖಾಲಿಯಾಗುವುದು. ಖಾಲಿ ಮಾಡುವ ನರಗಳ ಕೇಂದ್ರ ಬೆನ್ನುಹುರಿಯ ತುದಿಯಲ್ಲಿ, ಸೇಕ್ರಲ್ ಎಂಬ ಭಾಗದ ಎಸ್2ರಿಂದ ಎಸ್4ರ ಮಟ್ಟದಲ್ಲಿದೆ. ಅದನ್ನು ಹದ್ದುಬಸ್ತಿನಲ್ಲಿಡುವುದು ಮಿದುಳು. ಡಿ5ರಲ್ಲಿ ಹುರಿ ತುಂಡಾದರೆ ಕೆಳಗಿನ ಕೇಂದ್ರ ಬದುಕಿರುತ್ತದೆ, ಮೇಲಿನ ಅಪ್ಪಣೆ ತಲುಪುವುದಿಲ್ಲ. ಪೆಟ್ಟಾದ ಮೊದಲ ಕೆಲವು ವಾರ ಹುರಿಯೇ ಸ್ತಬ್ಧವಾಗಿ ಮೂತ್ರಕೋಶ ಜೋಲುಬಿದ್ದಿರುತ್ತದೆ. ಆಮೇಲೆ ಪ್ರತಿವರ್ತನೆ, ಅಂದರೆ ರಿಫ್ಲೆಕ್ಸ್, ಮರಳುತ್ತದೆ, ಆದರೆ ಅಂಕೆಯಿಲ್ಲದೆ. ಸ್ವಲ್ಪ ತುಂಬಿದರೆ ಸಾಕು, ಮೂತ್ರಕೋಶದ ಸ್ನಾಯು ತಾನೇ ಹಿಂಡುತ್ತದೆ. ಅದೇ ಹೊತ್ತಿಗೆ ಸಡಿಲವಾಗಬೇಕಾದ ಕೆಳಗಿನ ಕವಾಟದ ಸ್ನಾಯು ಬಿಗಿಯುತ್ತದೆ. ಒಂದು ಕಡೆ ಹಿಂಡುವುದು, ಇನ್ನೊಂದು ಕಡೆ ಮುಚ್ಚುವುದು. ಸಿಕ್ಕಿಬಿದ್ದ ಒತ್ತಡ ಹಿಂದಕ್ಕೆ, ಮೂತ್ರಪಿಂಡದ ಕಡೆಗೆ ಹೋಗುತ್ತದೆ.

ಹೀಗಾಗಿ ಚಿಕಿತ್ಸೆಯ ಮೊದಲ ಗುರಿ ಬಟ್ಟೆ ಒಣಗಿಸುವುದಲ್ಲ, ಮೂತ್ರಕೋಶದೊಳಗಿನ ಒತ್ತಡ ತಗ್ಗಿಸುವುದು. ಆ ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟ ದಾಟಿ ನಿಂತರೆ ಮೂತ್ರಪಿಂಡಕ್ಕೆ ಕುತ್ತು. ಹೊರಗೆ ಬಟ್ಟೆ ಒಣಗಿದ್ದರೂ ಒಳಗೆ ಒತ್ತಡ ಏರಿರಬಹುದು, ನೋವು ತಿಳಿಯದ ಕಾರಣ ಗೊತ್ತೇ ಆಗುವುದಿಲ್ಲ. ಮನೆಯವರಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ ಎನ್ನಿಸುವ ಮಾತಿದು.

ಆಕ್ಸಿಬ್ಯುಟಿನಿನ್, ಟಾಲ್ಟೆರೊಡಿನ್, ಸೊಲಿಫೆನಾಸಿನ್, ಡಾರಿಫೆನಾಸಿನ್, ಟ್ರೋಸ್ಪಿಯಂ ಎಲ್ಲ ಮಾಡುವ ಕೆಲಸ ಒಂದೇ. ಹಿಂಡು ಎಂದು ಸ್ನಾಯುವಿಗೆ ಹೇಳುವ ಅಸಿಟೈಲ್‌ಕೋಲಿನ್ ಕೂರುವ ಮಸ್ಕರಿನಿಕ್ ಜಾಗಗಳಿಗೆ ಅಡ್ಡ ಕೂರುವುದು. ಮೂತ್ರಕೋಶ ಸಡಿಲವಾಗುತ್ತದೆ, ಹೆಚ್ಚು ಹಿಡಿಸುತ್ತದೆ. ಖಾಲಿ ಮಾಡುವ ಕೆಲಸವನ್ನು ಮಾತ್ರೆ ಮಾಡುವುದಿಲ್ಲ, ಅದನ್ನು ಇನ್ನಷ್ಟು ಕಷ್ಟ ಮಾಡುತ್ತದೆ. ಇಂಥವರಿಗೆ ಹೊತ್ತಿಗೆ ಸರಿಯಾಗಿ ಕ್ಯಾತಿಟರ್ ಹಾಕಿ ತೆಗೆಯುವ ಅಭ್ಯಾಸವಿಲ್ಲದೆ ಬರೀ ಮಾತ್ರೆ ಕೊಟ್ಟರೆ ಅದು ಅರೆ ಚಿಕಿತ್ಸೆ. ಕೆಲವೊಮ್ಮೆ ಅರೆಗಿಂತಲೂ ಕೆಟ್ಟದ್ದು.

ಮೊದಲು ಸರಿಯಾಗಿ ನಡೆದದ್ದು

ಏಪ್ರಿಲ್‌ನಲ್ಲಿ, ಬಿದ್ದು ಹತ್ತು ವಾರಕ್ಕೆ, ಒಳಗೇ ಇದ್ದ ಫೋಲಿ ಕ್ಯಾತಿಟರ್ ತೆಗೆದು ಹೊತ್ತುಹೊತ್ತಿಗೆ ತಾವೇ ಪೈಪು ಹಾಕಿ ತೆಗೆಯುವುದನ್ನು, ನಾವೆಲ್ಲ ಸಿ.ಐ.ಸಿ. ಎನ್ನುವುದನ್ನು, ಕಲಿಸಲಾಗಿತ್ತು. 14 ಫ್ರೆಂಚ್ ಅಳತೆಯ ನೆಲಟನ್ ಕ್ಯಾತಿಟರ್, ದಿನಕ್ಕೆ ಐದು ಸಲ. ಜೊತೆಗೆ ಆಕ್ಸಿಬ್ಯುಟಿನಿನ್ 5 ಮಿ.ಗ್ರಾಂ. ದಿನಕ್ಕೆರಡು ಸಲ, ಎರಡು ವಾರದ ನಂತರ ಮೂರು ಸಲ. ಈ ಮಾತ್ರೆ ರಕ್ತದಲ್ಲಿ ಅರ್ಧಕ್ಕಿಳಿಯಲು ಎರಡು ಮೂರು ಗಂಟೆ ಸಾಕು, ಅದಕ್ಕೇ ದಿನಕ್ಕೆ ಹಲವು ಸಲ ಬೇಕು. ಬೇಸಿಗೆಯಿಡೀ ಹಾಗೇ ಸಾಗಿತು. ಕೂರುವ ಗಾಲಿಕುರ್ಚಿ ಬಂತು, ಮನೆ ಮುಂದಿನ ಜಗಲಿಗೆ ಇಳಿಜಾರು ಆಯಿತು.

ಕವರಿನಲ್ಲಿದ್ದ ಮಾತ್ರೆಗಳು

ನವೆಂಬರಿನಲ್ಲಿ ತಂದ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿದಾಗ ಐದು ಬಗೆಯ ಪಟ್ಟಿಗಳು ಬಿದ್ದವು. ಆಕ್ಸಿಬ್ಯುಟಿನಿನ್ 5 ಮಿ.ಗ್ರಾಂ., ಈಗ ದಿನಕ್ಕೆ ನಾಲ್ಕು. ವಯಸ್ಕರಿಗೆ ಇದೇ ಮೇಲ್ಮಿತಿ. ಕಾಲಿನ ಬಿಗಿತಕ್ಕೆ ಬ್ಯಾಕ್ಲೋಫೆನ್ 10 ಮಿ.ಗ್ರಾಂ. ಮೂರು. ಎದೆಯ ಸುತ್ತ ಪಟ್ಟಿ ಕಟ್ಟಿದಂತೆ ಉರಿಯುವ ನರನೋವಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 25 ಮಿ.ಗ್ರಾಂ., ಅಕ್ಟೋಬರಿನಲ್ಲಿ ಸೇರಿದ್ದು. ಹೊಟ್ಟೆ ಉಬ್ಬರ, ಹಿಡಿತ ಎಂದದ್ದಕ್ಕೆ ಡೈಸೈಕ್ಲೊಮಿನ್, ದಿನಕ್ಕೆ ಎರಡು ಮೂರು. ನೆಗಡಿಗೆ ಕ್ಲೋರ್‌ಫೆನಿರಮಿನ್ ಇದ್ದ ಮಾತ್ರೆ.

ಈ ಐದರಲ್ಲಿ ಬ್ಯಾಕ್ಲೋಫೆನ್ ಬಿಟ್ಟು ನಾಲ್ಕೂ ಅಸಿಟೈಲ್‌ಕೋಲಿನ್‌ಗೆ ಅಡ್ಡ ಕೂರುವಂಥವೇ. ಬಾಯಿ ಒಣಗಿಸುವುದು, ಕರುಳು ನಿಧಾನ ಮಾಡುವುದು, ಕಣ್ಣು ಮಂಜಾಗಿಸುವುದು ನಾಲ್ಕರದೂ ಗುಣ. ಬೇರೆ ಬೇರೆ ಕಡೆ, ಬೇರೆ ಬೇರೆ ದೂರಿಗೆ, ಒಂದನ್ನೊಂದು ನೋಡದೆ ಬರೆದದ್ದು. ಒಂದೊಂದೂ ತನ್ನಷ್ಟಕ್ಕೆ ಸರಿ. ಕೂಡಿಸಿ ನೋಡಿದವರಿಲ್ಲ.

ಗೊಂದಲಕ್ಕೆ ಹೆಸರೂ ಒಂದು ಕಾರಣ. ನಮ್ಮ ಕಡೆ ಬ್ಯಾಕ್ಲೋಫೆನ್, ಡೈಸೈಕ್ಲೊಮಿನ್, ಆಕ್ಸಿಬ್ಯುಟಿನಿನ್ ಮೂರನ್ನೂ "ಸೆಳೆತದ ಮಾತ್ರೆ" ಎಂದೇ ಕರೆಯುತ್ತಾರೆ. ಮೊದಲನೆಯದು ಬೆನ್ನುಹುರಿಯ ಮಟ್ಟದಲ್ಲಿ ಕೈಕಾಲಿನ ಬಿಗಿತ ಇಳಿಸುವುದು, ಎರಡನೆಯದು ಕರುಳಿನದು, ಮೂರನೆಯದು ಮೂತ್ರಕೋಶದ್ದು. ಒಂದು ಮುಗಿದರೆ ಇನ್ನೊಂದನ್ನು ನುಂಗಿದರಾಯಿತು ಎಂದು ಮನೆಯವರು ತಿಳಿಯುತ್ತಾರೆ. ಬ್ಯಾಕ್ಲೋಫೆನ್ ದಿಢೀರ್ ನಿಂತರೆ ವಿಪರೀತ ಬಿಗಿತ, ಜ್ವರ, ಭ್ರಮೆ, ಫಿಟ್ಸ್ ತನಕ ಹೋಗಬಹುದು, ಅದನ್ನು ಹಂತಹಂತವಾಗಿಯೇ ಇಳಿಸಬೇಕು. ಆಕ್ಸಿಬ್ಯುಟಿನಿನ್ ನಿಂತರೆ ಆ ಅಪಾಯವಿಲ್ಲ, ಆದರೆ ಒಂದೆರಡು ದಿನದಲ್ಲಿ ಮೂತ್ರಕೋಶ ಹಳೆಯ ಚಾಳಿಗೆ ಮರಳುತ್ತದೆ. ಆದ್ದರಿಂದ ಪಟ್ಟಿಯ ಹಿಂಬದಿಗೆ ಕಾಲು, ಹೊಟ್ಟೆ, ಮೂತ್ರ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಡುವುದು ಚಿಕ್ಕ ಕೆಲಸವಾದರೂ ಬಿಡಬಾರದ್ದು.

ಡೈರಿಯ ಒಂದು ಪುಟ

ಮಾತ್ರೆ ಮುಟ್ಟುವ ಮೊದಲು ಮೂರು ದಿನ ಡೈರಿ ಬರೆಸಲಾಯಿತು. ಒಂದು ಲೀಟರಿನ ನೀರಿನ ಬಾಟಲಿಯ ಕತ್ತು ಕತ್ತರಿಸಿ, ಔಷಧಿ ಅಳತೆಯ ಲೋಟದಿಂದ 50 ಮಿ.ಲೀ. ಹಾಕುತ್ತ ಹೊರಗೆ ಮಾರ್ಕರ್‌ನಲ್ಲಿ ಗೆರೆ ಎಳೆದರೆ ಅಳತೆಪಾತ್ರೆ ಸಿದ್ಧ. ಎರಡನೇ ದಿನದ ಪುಟ ಹೀಗಿತ್ತು:

ಬೆಳಿಗ್ಗೆ 6ಕ್ಕೆ 780 ಮಿ.ಲೀ., 4 ಗಂಟೆಗೇ ಹಾಸಿಗೆ ಒದ್ದೆ. ಮಧ್ಯಾಹ್ನ 12ಕ್ಕೆ 640, ಹತ್ತೂವರೆಗೆ ಸೋರಿತ್ತು. ಸಂಜೆ 4ಕ್ಕೆ 550. ರಾತ್ರಿ 9ಕ್ಕೆ 690, ಅದಕ್ಕೆ ಮುಂಚೆ ತಲೆನೋವು, ಮುಖ ಕೆಂಪು, ಬಿ.ಪಿ. 164/96. ಕುಡಿದದ್ದು 4.2 ಲೀಟರ್. ಮಲವಿಸರ್ಜನೆ ಐದನೇ ದಿನವೂ ಇಲ್ಲ.

ಇವರ ಮಾಮೂಲಿ ಬಿ.ಪಿ. 100/60. ಒಂದೊಂದು ಸಲಕ್ಕೆ ಬರಬೇಕಾದ ಪ್ರಮಾಣ 400ರಿಂದ 500 ಮಿ.ಲೀ. ಒಳಗೆ. ಐದು ಸಲ ಹಾಕುತ್ತಿದ್ದ ಪೈಪು ನಾಲ್ಕಕ್ಕೆ ಇಳಿದಿತ್ತು. ಮಾತ್ರೆ ಜಾಸ್ತಿಯಾಗಿದೆಯಲ್ಲ, ತಡೆದುಕೊಳ್ಳುತ್ತದೆ ಎಂಬ ನಂಬಿಕೆಯೇ ಅದಕ್ಕೆ ಕಾರಣ. 4.2 ಲೀಟರ್ ಏಕೆ ಕುಡಿದಿರಿ ಎಂದರೆ, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಮುದ್ದೆ ಇಳಿಯುವುದಿಲ್ಲ, ಎದ್ದರೆ ನೀರು ಕೂತರೆ ನೀರು ಎಂದರು.

ಈಗ ಸುಳಿ ಕಾಣುತ್ತದೆ. ಮಾತ್ರೆಗಳಿಂದ ಬಾಯಿ ಒಣಗಿತು. ಬಾಯಿ ಒಣಗಿದ್ದಕ್ಕೆ ನೀರು ಕುಡಿದರು. ನೀರು ಹೆಚ್ಚಾಗಿ ಮೂತ್ರಕೋಶ ಬೇಗ ತುಂಬಿತು, ಪೈಪಿನ ಹೊತ್ತಿಗೆ ಮೊದಲೇ ಮಿತಿ ದಾಟಿ ಸೋರಿತು. ಸೋರಿದ್ದನ್ನು ಕಂಡು ಮಾತ್ರೆ ಸಾಲದೆಂದು ಏರಿಸಿದರು. ಏರಿಸಿದ ಮಾತ್ರೆ ಕರುಳನ್ನು ನಿಲ್ಲಿಸಿತು. ಗಟ್ಟಿ ಮಲ ತುಂಬಿದ ಗುದನಾಳ ಮುಂದಿರುವ ಮೂತ್ರಕೋಶವನ್ನು ಒತ್ತಿ ಕೆಣಕಿತು, ಮತ್ತೆ ಸೋರಿತು. ಹೊಟ್ಟೆ ಉಬ್ಬಿದ್ದಕ್ಕೆ ಡೈಸೈಕ್ಲೊಮಿನ್ ಬಂತು, ಕರುಳು ಇನ್ನಷ್ಟು ನಿಂತಿತು. ಔಷಧಿ ಸೋತಿರಲಿಲ್ಲ, ಅದರ ಅಡ್ಡಪರಿಣಾಮವನ್ನೇ ಕಾಯಿಲೆ ಎಂದು ಓದಿದ್ದರು.

ತಲೆನೋವು ಎಂಬ ಗಂಟೆ

ಸುಳಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು ಆ ಸಂಜೆಯ ತಲೆನೋವು. ಡಿ6 ಅಥವಾ ಅದಕ್ಕಿಂತ ಮೇಲೆ ಹುರಿಗೆ ಪೆಟ್ಟಾದವರಿಗೆ, ಕೆಳಗೆ ಎಲ್ಲಿಂದಾದರೂ ಕೆಣಕುವ ಸಂದೇಶ ಬಂದರೆ ರಕ್ತನಾಳಗಳು ಒಮ್ಮೆಲೇ ಬಿಗಿಯುತ್ತವೆ. ಬಿ.ಪಿ. ಏರುತ್ತದೆ. ಮಿದುಳು ಇಳಿಸು ಎಂದರೂ ಅಪ್ಪಣೆ ಕೆಳಗೆ ತಲುಪುವುದಿಲ್ಲ. ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂದರೆ ಇದೇ. ಬಡಿಯುವ ತಲೆನೋವು, ಪೆಟ್ಟಿನ ಮಟ್ಟಕ್ಕಿಂತ ಮೇಲೆ ಬೆವರು, ಕೆಂಪು ಮುಖ, ಕಟ್ಟಿದ ಮೂಗು. ಕಾರಣಗಳಲ್ಲಿ ಮೊದಲನೆಯದು ತುಂಬಿದ ಮೂತ್ರಕೋಶ, ಎರಡನೆಯದು ಗಟ್ಟಿ ಮಲ. ಇವರಿಗೆ ಎರಡೂ ಇತ್ತು. ಮಾಮೂಲಿ ಬಿ.ಪಿ.ಯೇ 100 ಇರುವವರಿಗೆ 140 ಎಂದರೂ ಅದು ತುರ್ತು. "140 ತಾನೆ, ಪರವಾಗಿಲ್ಲ" ಎಂದು ಕಳಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ತಲೆನೋವಿನ ಮಾತ್ರೆ ಕೊಟ್ಟು ಮಲಗಿಸುವುದು ಇನ್ನೂ ದೊಡ್ಡ ತಪ್ಪು, ಮಲಗಿದರೆ ಬಿ.ಪಿ. ಮತ್ತಷ್ಟು ಏರುತ್ತದೆ.

ಮನೆಯವರಿಗೆ ಕಲಿಸಿದ ಕ್ರಮ ಇದು. ಮೊದಲು ನೆಟ್ಟಗೆ ಕೂರಿಸಿ ಕಾಲು ಕೆಳಗೆ ಬಿಡಿ. ಬೆಲ್ಟು, ಪಟ್ಟಿ, ಬಿಗಿ ಬಟ್ಟೆ ಸಡಿಲಿಸಿ. ತಕ್ಷಣ ಪೈಪು ಹಾಕಿ ಖಾಲಿ ಮಾಡಿ. ಎರಡರಿಂದ ಐದು ನಿಮಿಷಕ್ಕೊಮ್ಮೆ ಬಿ.ಪಿ. ನೋಡಿ. ಇಳಿಯದಿದ್ದರೆ ಕಾರಣ ಗುದನಾಳದಲ್ಲಿರಬಹುದು. ಕೈಗವಸಿನ ಬೆರಳಿಗೆ 2 ಪರ್ಸೆಂಟ್ ಲಿಗ್ನೊಕೇನ್ ಜೆಲ್ಲಿ ಸವರಿ ಒಳಗೆ ಹಚ್ಚಿ, ಕೆಲವು ನಿಮಿಷ ಕಾದು, ಆಮೇಲೆ ಮೃದುವಾಗಿ ತೆಗೆಯಿರಿ. ಜೆಲ್ಲಿಯಿಲ್ಲದೆ ಕೈ ಹಾಕಿದರೆ ಅದೇ ಕೆಣಕುವಿಕೆ ಬಿ.ಪಿ.ಯನ್ನು ಇನ್ನೂ ಏರಿಸುತ್ತದೆ. ಮೇಲಿನ ಅಂಕಿ 150 ದಾಟಿ ನಿಂತರೆ ಆಸ್ಪತ್ರೆ, ಬಿ.ಪಿ. ಇಳಿಸುವ ಮದ್ದು ಅಲ್ಲಿ. ಇಷ್ಟನ್ನೂ ಒಂದು ಕಾರ್ಡಿನಲ್ಲಿ ಬರೆದು ಗಾಲಿಕುರ್ಚಿಯ ಚೀಲದಲ್ಲಿ ಇಡಿಸಲಾಯಿತು. ದಾರಿಯಲ್ಲಿ ಹೀಗಾದರೆ ಎದುರಿಗೆ ಸಿಗುವ ವೈದ್ಯರಿಗೂ ಅದು ಬೇಕು.

ಸುಳಿ ಬಿಡಿಸಿದ್ದು

ಮೊದಲ ಕೆಲಸ ಕರುಳು. ಅದನ್ನು ಬಿಟ್ಟು ಮೂತ್ರಕೋಶದ ಮಾತ್ರೆ ಬದಲಿಸುವುದು ವ್ಯರ್ಥ. ತುಂಬಿದ್ದನ್ನು ಎರಡು ದಿನದಲ್ಲಿ ಖಾಲಿ ಮಾಡಿ, ಆಮೇಲೆ ದಿನ ಬಿಟ್ಟು ದಿನ ಒಂದೇ ಹೊತ್ತಿನ ಕ್ರಮ: ಬೆಳಗಿನ ತಿಂಡಿ, ಬಿಸಿ ಕಾಫಿ, ಇಪ್ಪತ್ತು ಮೂವತ್ತು ನಿಮಿಷದ ನಂತರ ಬಿಸಾಕೊಡಿಲ್ ಸಪೊಸಿಟರಿ 10 ಮಿ.ಗ್ರಾಂ. ಊಟವಾದ ಮೇಲೆ ದೊಡ್ಡ ಕರುಳು ತಾನೇ ಚಲಿಸುತ್ತದೆ, ಆ ಹೊತ್ತನ್ನು ಬಳಸಿಕೊಳ್ಳುವುದು ಜಾಣತನ. ರಾಗಿ ಮುದ್ದೆ, ಸೊಪ್ಪಿನ ಸಾರು ಮುಂದುವರಿಯಲಿ ಎಂದೆವು.

ಡೈಸೈಕ್ಲೊಮಿನ್, ನೆಗಡಿ ಮಾತ್ರೆ ನಿಂತವು. ನರನೋವಿಗೆ ಅಮಿಟ್ರಿಪ್ಟಿಲಿನ್ ಬದಲು ವೈದ್ಯರು ಪ್ರಿಗ್ಯಾಬಲಿನ್ ಬರೆದರು. ಆಕ್ಸಿಬ್ಯುಟಿನಿನ್ ಮತ್ತೆ ಮೂರಕ್ಕೆ ಇಳಿಯಿತು. ಮೂತ್ರದ ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿತ್ತು, ಆದರೆ ಜ್ವರವಿರಲಿಲ್ಲ, ಕಾಲಿನ ಬಿಗಿತ ಹೆಚ್ಚಿರಲಿಲ್ಲ, ಕರುಳು ಖಾಲಿಯಾದ ಕೂಡಲೇ ತಲೆನೋವು ನಿಂತಿತು. ಹಾಗಾಗಿ ಆ್ಯಂಟಿಬಯೋಟಿಕ್ ಕೊಡಲಿಲ್ಲ. ಸದಾ ಪೈಪು ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಲಕ್ಷಣವಿಲ್ಲದೆ ಪ್ರತಿ ಸಲ ಮದ್ದು ಹೊಡೆದರೆ ನಿಜವಾದ ಸೋಂಕು ಬಂದ ದಿನ ಯಾವ ಮದ್ದೂ ನಾಟುವುದಿಲ್ಲ.

ನೀರಿಗೆ ಲೆಕ್ಕ ಹಾಕಿದೆವು: ದಿನಕ್ಕೆ ಎರಡು ಲೀಟರ್, ಮಜ್ಜಿಗೆ, ಕಾಫಿ, ಸಾರು ಎಲ್ಲ ಸೇರಿ. ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಗಂಟೆಗೆ 150 ಮಿ.ಲೀ. ಆಸುಪಾಸು, ಒಂದೇ ಸಲ ಚೊಂಬು ಎತ್ತುವುದಿಲ್ಲ. ಬಾಯಿ ಒಣಗಿದಾಗ ಮುಕ್ಕಳಿಸಿ ಉಗುಳುವುದು, ಒಂದು ಗುಟುಕು, ಒಂದು ಏಲಕ್ಕಿ ಕಾಳು. ಜೊಲ್ಲು ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುತ್ತದೆ, ರಾತ್ರಿಯೂ ಹಲ್ಲುಜ್ಜಬೇಕು.

ಇಲ್ಲಿ ಅಡಿಕೆಯ ಮಾತು ಬಂತು. ಎಲೆ ಅಡಿಕೆ ಹಾಕಿಕೊಂಡರೆ ಬಾಯಿ ಒದ್ದೆಯಾಗುತ್ತದೆ ಎಂದು ಅವರು ಹೇಳಿದ್ದು ಸುಳ್ಳಲ್ಲ. ಅಡಿಕೆಯ ಅರೆಕೊಲಿನ್ ಇದೇ ಮಸ್ಕರಿನಿಕ್ ಜಾಗಗಳ ಮೇಲೆ ಮಾತ್ರೆಗೆ ಉಲ್ಟಾ ಕೆಲಸ ಮಾಡಿ ಜೊಲ್ಲು ತರಿಸುತ್ತದೆ. ಆದರೆ ಅಡಿಕೆ ಬಾಯಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ಹೇಳಿದೆ. ಅಡಿಕೆ ಬೆಳೆಯುವ ಜಿಲ್ಲೆಯಲ್ಲಿ ಹೇಳುವುದು ಕಷ್ಟ, ಆದರೂ ಒಣಬಾಯಿಗೆ ಅದು ಮದ್ದಲ್ಲ.

ಪೈಪು ದಿನಕ್ಕೆ ಆರು ಸಲ: 6, 10, 2, 6, 10, ನಡುರಾತ್ರಿ ಕಳೆದು 2. ರಾತ್ರಿಯ ಪ್ರಮಾಣ ಹೆಚ್ಚು ಬರುವುದಕ್ಕೆ ಇನ್ನೊಂದು ಗುಟ್ಟಿದೆ. ಹಗಲೆಲ್ಲ ಕುರ್ಚಿಯಲ್ಲಿ ಕೂತಾಗ ಕಾಲಿಗೆ ಇಳಿದ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಸಂಜೆ 4ರಿಂದ 5 ಕಾಲೆತ್ತಿ ಮಲಗಿದರೆ ಆ ನೀರು 6 ಗಂಟೆಯ ಪೈಪಿನಲ್ಲೇ ಹೋಗುತ್ತದೆ. ಎರಡು ವಾರದಲ್ಲಿ ನಡುರಾತ್ರಿಯ ಪೈಪು ಬಿಡುವಂತಾಯಿತು.

ಪೈಪು ಹಾಕುವ ರೀತಿಯಲ್ಲೂ ಒಂದು ತಪ್ಪು ಸಿಕ್ಕಿತು. ಮೂತ್ರ ಬರಲು ಶುರುವಾದ ಜಾಗದಲ್ಲೇ ನಿಲ್ಲಿಸುತ್ತಿದ್ದರು, ಧಾರೆ ನಿಂತ ಕೂಡಲೇ ಎಳೆದುಬಿಡುತ್ತಿದ್ದರು. ತಳದಲ್ಲಿ 100 ಮಿ.ಲೀ. ಮೇಲೆ ಉಳಿಯುತ್ತಿತ್ತು. ಸರಿಯಾದದ್ದು: ಸೋಪಿನಲ್ಲಿ ಕೈ ತೊಳೆದು, ಜೆಲ್ಲಿ ಧಾರಾಳ ಬಳಸಿ, ಶಿಶ್ನವನ್ನು ಹೊಟ್ಟೆಯ ಕಡೆಗೆ ಎತ್ತಿ ಹಿಡಿದು ತಳ್ಳುವುದು. ಕವಾಟದ ಹತ್ತಿರ ಪೈಪನ್ನು ಕಚ್ಚಿ ಹಿಡಿದಂತಾದರೆ ಬಲ ಹಾಕಬಾರದು, ಹಗುರವಾಗಿ ಒತ್ತಿ ಹಿಡಿದು ಉಸಿರು ಬಿಡುತ್ತ ಕಾದರೆ ತಾನೇ ಸಡಿಲುತ್ತದೆ. ಬಲ ಹಾಕಿದರೆ ರಕ್ತ, ನಾಳದ ಗೋಡೆ ಹರಿದು ಸುಳ್ಳು ದಾರಿ, ಮುಂದೆ ನಾಳ ಕಿರಿದಾಗುವುದು. ಮೂತ್ರ ಬಂದ ಮೇಲೂ ಎರಡು ಮೂರು ಸೆಂಟಿಮೀಟರ್ ಒಳಗೆ ಕಳಿಸಿ, ಧಾರೆ ನಿಂತಾಗ ನಿಧಾನವಾಗಿ ಎಳೆಯುತ್ತ, ಮತ್ತೆ ಬಂದರೆ ನಿಂತು, ಪೂರ್ತಿ ತೆಗೆಯಬೇಕು. ಮುಂದೊಗಲನ್ನು ಹಿಂದಕ್ಕೆ ಸರಿಸಿದ್ದರೆ ಮರೆಯದೆ ಮುಂದಕ್ಕೆ ತರಬೇಕು, ಇಲ್ಲದಿದ್ದರೆ ಬಾವು ಬಂದು ಸಿಕ್ಕಿಕೊಳ್ಳುತ್ತದೆ.

ಪರೀಕ್ಷೆ, ನಂತರದ ಮಾತ್ರೆ

ಸೋರುವುದು ಅರ್ಧಕ್ಕಿಂತ ಕಡಿಮೆಯಾದರೂ ಅಲ್ಲಿಗೆ ಬಿಡುವಂತಿರಲಿಲ್ಲ. ಅಲ್ಟ್ರಾಸೌಂಡಿನಲ್ಲಿ ಮೂತ್ರಕೋಶದ ಗೋಡೆ ದಪ್ಪಗಾಗಿ, ಬಲ ಮೂತ್ರಪಿಂಡ ಸ್ವಲ್ಪ ಉಬ್ಬಿತ್ತು. ಮೂತ್ರಪಿಂಡದ ಕೆಲಸ ತೋರಿಸುವ ರಕ್ತದ ಅಂಕಿ ಕ್ರಿಯಾಟಿನಿನ್ 0.7, ಕಾಗದದಲ್ಲಿ ನಾರ್ಮಲ್. ಸ್ನಾಯು ಕರಗಿದವರಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಆದ್ದರಿಂದ ಆ ಅಂಕಿಯನ್ನು ನಂಬಿ ಸುಮ್ಮನಿರಬಾರದು. ಯೂರೋಡೈನಮಿಕ್ಸ್‌ಗಾಗಿ ಬೆಂಗಳೂರಿಗೆ ಹೋಗಿಬಂದರು. ಸಣ್ಣ ಪೈಪಿನಿಂದ ನಿಧಾನಕ್ಕೆ ನೀರು ತುಂಬುತ್ತ ಒತ್ತಡ ಅಳೆಯುವ ಪರೀಕ್ಷೆ ಇದು. ಡಿ6ರ ಮೇಲಿನವರಿಗೆ ಉದ್ದಕ್ಕೂ ಬಿ.ಪಿ. ನೋಡುತ್ತಿರಬೇಕು. 210 ಮಿ.ಲೀ.ಗೇ ಮೂತ್ರಕೋಶ ತಾನಾಗಿ ಹಿಂಡಿತು, ಒತ್ತಡ 58 ಸೆಂಟಿಮೀಟರಿಗೆ ಹೋಯಿತು, ಕವಾಟ ಬಿಗಿದೇ ಇತ್ತು. ಅಂದರೆ ಕ್ರಮ ಸರಿಯಾದ ಮೇಲೂ ಮಾತ್ರೆಯ ಬಲ ಸಾಲದು. ಈ ಮಾತು ಈಗ ನಿಜ. ನವೆಂಬರಿನಲ್ಲಿ ಹೇಳಿದ್ದಾಗ ಅದು ಬರೀ ಊಹೆ.

ಆಕ್ಸಿಬ್ಯುಟಿನಿನ್ ಬಿಡಿಸಿ ಸೊಲಿಫೆನಾಸಿನ್ 5 ಮಿ.ಗ್ರಾಂ., ನಾಲ್ಕು ವಾರದ ಮೇಲೆ 10 ಮಿ.ಗ್ರಾಂ., ದಿನಕ್ಕೆ ಒಂದೇ. ಇದು ರಕ್ತದಲ್ಲಿ ಅರ್ಧಕ್ಕಿಳಿಯಲು ಎರಡು ದಿನದ ಆಸುಪಾಸು ಹಿಡಿಯುತ್ತದೆ, ಪೂರ್ಣ ಮಟ್ಟಕ್ಕೆ ಬರಲು ಹತ್ತು ದಿನ ಬೇಕು. ಮೂರನೇ ದಿನವೇ "ಗುಣವಿಲ್ಲ" ಎನ್ನಬಾರದು. ಜೊತೆಗೆ ಮಿರಾಬೆಗ್ರಾನ್ 50 ಮಿ.ಗ್ರಾಂ. ಸೇರಿಸಿದರು. ಇದು ಮಸ್ಕರಿನಿಕ್ ದಾರಿಯದ್ದಲ್ಲ, ಬೀಟಾ-3 ಜಾಗದ ಮೂಲಕ ಸಡಿಲಿಸುತ್ತದೆ. ಬಾಯಿ, ಕರುಳು ಅಷ್ಟಾಗಿ ಒಣಗುವುದಿಲ್ಲ, ಬಿ.ಪಿ. ಮಾತ್ರ ಏರಿಸಬಹುದು. ಡಿಸ್‌ರಿಫ್ಲೆಕ್ಸಿಯಾ ಇದ್ದವರಲ್ಲಿ ಮೊದಲ ತಿಂಗಳು ದಿನಾ ಬಿ.ಪಿ. ಬರೆದಿಡಬೇಕು. ಇಂಥ ಮಾತ್ರೆ ಶುರುಮಾಡುವ ಮೊದಲು ಕಣ್ಣಿನ ಕಿರಿಕೋನದ ಗ್ಲಾಕೋಮಾ, ಸ್ನಾಯು ಬಲ ಕುಂದಿಸುವ ಮಯಸ್ತೇನಿಯಾ ಇಲ್ಲವೆಂದು ಕೇಳಿಕೊಳ್ಳುವುದು ಕಡ್ಡಾಯ. ಆ್ಯಂಟಿಬಯೋಟಿಕ್ ಕ್ಲಾರಿತ್ರೋಮೈಸಿನ್, ಶಿಲೀಂಧ್ರದ ಮದ್ದು ಇಟ್ರಕೊನಜೋಲ್‌ನಂಥವು ಸೇರಿದರೆ ಆಕ್ಸಿಬ್ಯುಟಿನಿನ್, ಸೊಲಿಫೆನಾಸಿನ್ ಎರಡರ ಮಟ್ಟವೂ ಏರುತ್ತದೆ.

ಮೂರು ತಿಂಗಳ ನಂತರದ ಪರೀಕ್ಷೆ: 430 ಮಿ.ಲೀ. ತನಕ ಒತ್ತಡ 22 ದಾಟಲಿಲ್ಲ. ಬಲ ಮೂತ್ರಪಿಂಡದ ಉಬ್ಬು ಇಳಿದಿತ್ತು. ಡೈರಿಯಲ್ಲಿ ವಾರಕ್ಕೆ ಒಂದೆರಡು ಸಲ ಸೋರಿಕೆ, ಅದೂ ಮದುವೆಮನೆಗೆ ಹೋಗಿ ಪೈಪಿನ ಹೊತ್ತು ತಪ್ಪಿದ ದಿನ.

ಬೇಸಿಗೆಗೆ ಒಂದು ಎಚ್ಚರಿಕೆ ಉಳಿದಿದೆ. ಡಿ5ರ ಕೆಳಗೆ ಇವರಿಗೆ ಬೆವರುವುದೇ ಇಲ್ಲ, ಮೇಲಿನ ಭಾಗದ ಬೆವರನ್ನು ಮಾತ್ರೆ ಕಡಿಮೆ ಮಾಡುತ್ತದೆ. ಮಧುಗಿರಿ, ಪಾವಗಡ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಚಾವಣಿಯ ಕೆಳಗೆ ಕೂತರೆ ಮೈ ಕಾಯುತ್ತದೆ, ಅದು ಸೋಂಕಿನ ಜ್ವರವೆಂದು ಕಾಣಬಹುದು. ಹನ್ನೊಂದರಿಂದ ನಾಲ್ಕರವರೆಗೆ ನೆರಳು, ಕುತ್ತಿಗೆಗೆ ಒದ್ದೆ ಟವೆಲು, ಮುಖ ತೋಳಿಗೆ ನೀರು ಚಿಮುಕಿಸಿ ಫ್ಯಾನು. ಬೇಸಿಗೆಯಲ್ಲಿ ನೀರು ಅರ್ಧ ಲೀಟರ್ ಹೆಚ್ಚಾದರೆ ಪೈಪೂ ಒಂದು ಸಲ ಹೆಚ್ಚು.

ಈ ಎರಡು ಮಾತ್ರೆಯಲ್ಲೂ ಒತ್ತಡ ಮತ್ತೆ 40 ದಾಟಿದರೆ, ಅಥವಾ ಮಲಬದ್ಧತೆ ತಾಳಲಾಗದಿದ್ದರೆ, ಮುಂದಿನದು ಮೂತ್ರಕೋಶದ ಸ್ನಾಯುವಿಗೆ ಬೊಟುಲಿನಂ ಟಾಕ್ಸಿನ್ 200 ಯೂನಿಟ್, ಮೂತ್ರನಾಳದಿಂದ ಒಳಗೆ ನೋಡುವ ಸಿಸ್ಟೊಸ್ಕೋಪಿನ ಮೂಲಕ ಸುಮಾರು ಮೂವತ್ತು ಜಾಗದಲ್ಲಿ ಚುಚ್ಚುವುದು. ಗುಣ ತಿಂಗಳುಗಟ್ಟಲೆ ಇರುತ್ತದೆ, ಆಮೇಲೆ ಮತ್ತೆ ಬೇಕು. ಅದರ ನಂತರವೂ ಪೈಪು ತಪ್ಪುವುದಿಲ್ಲ. ಸದ್ಯಕ್ಕೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ವರ್ಷಕ್ಕೊಮ್ಮೆ ಯೂರೋಡೈನಮಿಕ್ಸ್, ತಿಂಗಳಿಗೆ ಮೂರು ದಿನ ಡೈರಿ. ಹೊಸ ಮಾತ್ರೆ ಯಾರು ಬರೆದರೂ ನುಂಗುವ ಮೊದಲು ಇಡೀ ಕವರು ತೋರಿಸಬೇಕು ಎಂದು ಬಿ.ಪಿ. ಕಾರ್ಡಿನ ಹಿಂಬದಿಯಲ್ಲೇ ಬರೆದುಕೊಟ್ಟಿದೆ.